ಕತ್ತಿನಾಳದ ನೀರು

ಜನರನ್ನು ನಾನು ಮಲಗಿಸಿ ನೋಡುತ್ತೇನೆ. ನಿಂತಾಗ ಎಲ್ಲರೂ ಹೆಚ್ಚುಕಡಿಮೆ ಒಂದೇ. ನೀರಿನ ಮೇಲೆ ಅಂಗಾತ ಮಲಗಿಸಿದಾಗ ಯಾರು ಎಂಥವರು ಅಂತ ಗೊತ್ತಾಗುತ್ತದೆ. ಬಾಯಿಬಡುಕರು ಬಾಯಿ ಮುಚ್ಚುತ್ತಾರೆ. ಮನೆಯಲ್ಲಿ ಹುಲಿಯಂತೆ ಇರುವವನು ನನ್ನ ರಟ್ಟೆಗೆ ಉಗುರು ಊರಿ, ‘ಬಿಡಬೇಡಿ ಸಾರ್, ಬಿಡಬೇಡಿ’ ಅನ್ನುತ್ತಾನೆ. ನಗರಸಭೆಯ ಈಜುಕೊಳದಲ್ಲಿ ಬೆಳಗಿನ ಹೊತ್ತು ದೊಡ್ಡವರಿಗೆ ಈಜು ಕಲಿಸುವುದು ನನ್ನ ಕೆಲಸ. ಮಕ್ಕಳಿಗೆ ಯಾರು ಬೇಕಾದರೂ ಕಲಿಸಬಹುದು, ಅವು ಮೀನಿನ ಮರಿಗಳು. ದೊಡ್ಡವರು ತಮ್ಮ ಭಯವನ್ನು ವರ್ಷಗಟ್ಟಲೆ ಉಣ್ಣಿಸಿ ತಿನ್ನಿಸಿ ಸಾಕಿಕೊಂಡು ಬಂದಿರುತ್ತಾರೆ. ಅವರಿಗೆ ಕಲಿಸುವುದಕ್ಕೆ ತಾಳ್ಮೆ ಬೇಕು. ನನಗೆ ಬೇರೆ ಯಾವುದಕ್ಕೂ ಇಲ್ಲದ ತಾಳ್ಮೆ ಅದೊಂದಕ್ಕಿದೆ ಎಂದು ನನ್ನ ಸೊಸೆ ಹೇಳುತ್ತಾಳೆ.

ನನ್ನ ವಿದ್ಯೆ ಇರುವುದು ಅಂಗೈಯಲ್ಲಿ. ಕತ್ತಿನಾಳದ ನೀರಿನಲ್ಲಿ ನಿಂತು, ಕಲಿಯುವವರನ್ನು ಅಂಗಾತ ಮಲಗಿಸಿ, ಬೆನ್ನಿನ ಕೆಳಗೆ ಒಂದು ಕೈ ಇಡುತ್ತೇನೆ. ಅವರ ಹೆದರಿಕೆ ಎಲ್ಲಿ ಗಂಟು ಕಟ್ಟಿದೆ, ಸೊಂಟದಲ್ಲೋ ಹೆಗಲಲ್ಲೋ, ಆ ಕೈಗೆ ಗೊತ್ತಾಗುತ್ತದೆ. ಸೊಂಟದಾಳದಲ್ಲಿ ಕಲಿಸಿ ಪ್ರಯೋಜನವಿಲ್ಲ, ಅಲ್ಲಿ ಕಾಲು ನೆಲವನ್ನೇ ಹುಡುಕುತ್ತಿರುತ್ತದೆ. ಇನ್ನು ದಡದ ಮೇಲೆ ಒಣಬಟ್ಟೆಯಲ್ಲಿ ನಿಂತು, ಸೀಟಿ ಊದಿ, ‘ಕೈ ಹೊಡಿ, ಕಾಲು ಹೊಡಿ’ ಎಂದು ಕೂಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ನಾನಿಟ್ಟ ಹೆಸರು ದಡದ ಮೇಷ್ಟ್ರು. ನೀರಿಗಿಳಿಯದೆ ಈಜು ಬಾರದು ಎಂಬ ಮಾತು ಕಲಿಸುವವನಿಗೂ ಸಲ್ಲುತ್ತದೆ ಎಂದು ನಂಬಿದವನು ನಾನು.

ಈ ವರ್ಷ ಬಂದವರಲ್ಲಿ ಒಬ್ಬರಿಗೆ ಹೆಡ್ಮಿಸ್ ಎಂದು ಹೆಸರಿಟ್ಟಿದ್ದೆ. ಆಕೆ ನಿಜಕ್ಕೂ ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಆದ್ದರಿಂದ ನನ್ನ ಜಾಣತನವೇನೂ ಇಲ್ಲ. ಎರಡೂ ಮಂಡಿ ಸವೆದು ಹೋಗಿದ್ದವು. ನೋವಿಲ್ಲದೆ ಕೈಕಾಲು ಆಡಿಸಬೇಕಾದರೆ ನೀರೇ ಗತಿ ಎಂದು ಮಂಡಿಯ ಡಾಕ್ಟರು ಹೇಳಿದ್ದರಂತೆ. ಮೊದಲ ದಿನ ಕೊಳದ ಕಟ್ಟೆಯ ಮೇಲೆ ಕೋಲು ಊರಿ ನಿಂತು ನನಗೇ ಒಂದು ಪಾಠ ಮಾಡಿದರು.

“ನೋಡಿ ಮೇಷ್ಟ್ರೇ, ಚಿಕ್ಕವಳಿದ್ದಾಗ ನಮ್ಮ ಸೋದರಮಾವ ಕೈ ಬಿಡಲ್ಲ, ಬಿಡಲ್ಲ ಅಂತ ಹೇಳ್ತಾನೇ ಬಿಟ್ಟುಬಿಟ್ಟ. ಆಮೇಲೆ ನಾನು ಬಕೆಟ್ಟಿನ ನೀರು ಬಿಟ್ಟು ಬೇರೆ ನೀರು ಮುಟ್ಟಿಲ್ಲ. ನೀವು ಕೈ ತೆಗೆಯೋ ಮುಂಚೆ ಹೇಳ್ಬೇಕು. ನಾನು ಹೂಂ ಅಂದ ಮೇಲೇ ತೆಗೀಬೇಕು. ಒಪ್ಪಿಗೆನಾ?”

ಈಜು ಕಲಿಸುವವರೆಲ್ಲ ಆ ಸೋದರಮಾವನ ವಂಶದವರೇ. ಕೈಯಿದೆ ಕೈಯಿದೆ ಎನ್ನುತ್ತಲೇ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈ ತೆಗೆಯುತ್ತೇವೆ. ಆಮೇಲೆ, ‘ಅಯ್ಯೋ, ಆಗಲೇ ತೆಗೆದೆನಲ್ಲ’ ಎಂದು ನಗುತ್ತೇವೆ. ನಮ್ಮ ಕಸುಬಿನಲ್ಲಿ ಅದು ಸುಳ್ಳಲ್ಲ, ಪಾಠ. ಆದರೆ ಆಕೆ ನೋಡುತ್ತಿದ್ದ ರೀತಿಗೆ, ಮನೆಗೆಲಸ ಮಾಡದೆ ಬಂದ ಹುಡುಗನ ಹಾಗೆ ತಲೆ ಬಗ್ಗಿಸಿ ಒಪ್ಪಿಕೊಂಡೆ. ನನ್ನ ಜೀವಮಾನದಲ್ಲಿ ಯಾರಿಗೂ ಕೊಡದ ಮಾತು ಅದು.

ನನ್ನ ಎದೆ ಮೊದಲ ಸಲ ತಾಳ ತಪ್ಪಿದ್ದು ಹೆಡ್ಮಿಸ್ ನನ್ನ ಅಂಗೈ ಮೇಲಿದ್ದಾಗ. ತನ್ನ ಪಾಡಿಗೆ ಬಡಿಯುತ್ತಿದ್ದದ್ದು ಅವಸರ ಬಿದ್ದು ಒಂದು ಬಡಿತ ಮುಂಚೆಯೇ ಬಡಿಯಿತು, ಆಮೇಲೆ ಸುಮ್ಮನಾಯಿತು. ಇನ್ನೂ ಒಂದು ಮೆಟ್ಟಿಲಿದೆ ಎಂದು ಕಾಲಿಟ್ಟಾಗ ಅಲ್ಲಿ ಮೆಟ್ಟಿಲಿಲ್ಲದಿದ್ದರೆ ಹೇಗಾಗುತ್ತದೋ ಹಾಗಾಯಿತು. ಬೆನ್ನಿಗೇ ಒಳಗಿನಿಂದ ಒಂದು ದೊಡ್ಡ ಗುದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ. ಪಾಠ ಮುಗಿಸಿ ಕಬ್ಬಿಣದ ಏಣಿ ಹಿಡಿದು ಮೇಲೆ ಬಂದು ಟವೆಲ್ಲಿಗೆ ಕೈ ಹಾಕುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಮರುದಿನ ನೀರಿಗಿಳಿದೆ, ಮತ್ತೆ ಶುರುವಾಯಿತು. ಸೊಂಟದಾಳದಲ್ಲಿ ಏನೂ ಇಲ್ಲ. ಎದೆಯಾಳಕ್ಕೆ ಬಂದರೆ ಒಂದೊಂದು ಬಡಿತ ಎಡವುತ್ತದೆ. ಕತ್ತಿನಾಳದಲ್ಲಿ ಎರಡಕ್ಕೊಂದು, ಮೂರಕ್ಕೊಂದು.

ಯಾರಿಗೂ ಹೇಳಲಿಲ್ಲ. ಹೃದಯದ ತೊಂದರೆ ಇದ್ದವರು ನೀರಿಗಿಳಿಯಬಾರದು ಎಂದು ಕೊಳದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ. ಎಷ್ಟೋ ಜನರನ್ನು ಅದರ ಮುಂದೆ ನಿಲ್ಲಿಸಿ ನಾನೇ ಓದಿಸಿದ್ದೇನೆ. ಈಗ ಅದರ ಎದುರು ಹಾದುಹೋಗುವಾಗ ಗಡಿಯಾರ ನೋಡುವವನಂತೆ ಮುಖ ಆ ಕಡೆ ತಿರುಗಿಸುತ್ತಿದ್ದೆ. ಸಾಯುವುದಕ್ಕಿಂತ ದಡಕ್ಕೆ ಹೋಗುವುದಕ್ಕೆ ನನಗೆ ಹೆಚ್ಚು ಹೆದರಿಕೆಯಾಗಿತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ.

ನನ್ನ ಸೊಸೆ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳು. ದಿನವಿಡೀ ಜನರ ಎದೆಬಡಿತವನ್ನು ಕಾಗದದ ಮೇಲೆ ಗೀಚಿಸಿಕೊಂಡು ಬರುತ್ತಾಳೆ, ಆದ್ದರಿಂದ ಮನೆಯಲ್ಲಿ ಯಾರ ಮುಖದ ಮೇಲೆ ಏನು ಬರೆದಿದೆ ಅಂತ ಓದುವುದು ಅವಳಿಗೆ ಕಷ್ಟವಲ್ಲ. ಒಂದು ದಿನ ಊಟಕ್ಕೆ ಕೂತಾಗ ನಾನು ಅರಿವಿಲ್ಲದೆ ಎಡಗೈ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡಿದ್ದೆ.

“ಏನು ಮಾವ, ವಾಚಿಲ್ಲದೆ ಟೈಮ್ ನೋಡ್ತಿದೀರಾ?” ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಎರಡೂ ಕೈಗಳನ್ನು ತಟ್ಟೆಯ ಪಕ್ಕಕ್ಕಿಟ್ಟೆ. ಅಷ್ಟು ಸಾಕಾಯಿತು. ಮಗ, “ಅಪ್ಪಂಗೆ ಏನಾಗುತ್ತೆ, ಗುಂಡುಕಲ್ಲು” ಅಂದ. ಅವಳು ಅವನ ಮಾತಿಗೆ ಕಿವಿಗೊಡಲಿಲ್ಲ. ಮರುದಿನ ಪಾಠ ಮುಗಿಸಿ ಬಂದ ನನ್ನನ್ನು ಒದ್ದೆ ತಲೆಯಲ್ಲೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಇಸಿಜಿ ಕೋಣೆ ಎಂದರೆ ಒಂದು ಹಸಿರು ಪರದೆ, ಒಂದು ಎತ್ತರದ ಮಂಚ, ಮೂಲೆಯಲ್ಲೊಂದು ಸಿಂಕು. ಮಂಚದ ಮೇಲೆ ಮಲಗಿಸಿ, ಕೈಕಾಲಿಗೆ ಕ್ಲಿಪ್ ಹಾಕಿ, ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ ಬಟ್ಟಲುಗಳನ್ನು ಒತ್ತಿದಳು.

“ಅಲುಗಾಡ್ಬೇಡಿ. ಉಸಿರು ಸಹಜವಾಗಿ ಬಿಡಿ. ಬಡಿತ ತಪ್ಪೋದು ಯಾವಾಗ ಆಗುತ್ತೆ ಹೇಳಿ.”

“ಯಾವಾಗಲೋ ಒಂದೊಂದು ಸಲ ಕಣಮ್ಮ.”

“ನಡೆಯುವಾಗಾ, ಮಲಗಿದಾಗಾ?”

“ಹೀಗೇ ಅಂತಿಲ್ಲ.”

ನೀರು ಎಂಬ ಮಾತನ್ನು ನಾನು ನಾಲಿಗೆಯ ಕೆಳಗೆ ಇಟ್ಟುಕೊಂಡೆ. ಕಾಗದದ ಮೇಲೆ ಗೆರೆ ಸಾಲಾಗಿ, ಒಂದರ ಹಿಂದೊಂದು, ಶಾಲೆಯ ಮಕ್ಕಳಂತೆ ಶಿಸ್ತಾಗಿ ಬಂತು. ಹೃದಯದ ಡಾಕ್ಟರು ನೋಡಿ, ಏನೂ ಇಲ್ಲ, ಆದರೂ ಇರಲಿ ಎಂದು ಒಂದು ಚಿಕ್ಕ ಡಬ್ಬಿ ಕೊಟ್ಟರು. ಅದನ್ನು ಎದೆಗೆ ಅಂಟಿಸಿಕೊಂಡು ಒಂದು ಹಗಲು ಒಂದು ರಾತ್ರಿ ಇರಬೇಕು, ಪ್ರತಿಯೊಂದು ಬಡಿತವೂ ಅದರಲ್ಲಿ ದಾಖಲಾಗುತ್ತದೆ.

“ಒಂದೇ ಒಂದು ವಿಷಯ,” ಎಂದರು ಡಾಕ್ಟರು. “ಇದಕ್ಕೆ ನೀರು ತಾಗಿಸಬೇಡಿ.”

ನಗು ತಡೆದುಕೊಂಡೆ. ಡಬ್ಬಿ ಕಟ್ಟಿಕೊಂಡ ದಿನ ಕೊಳಕ್ಕೆ ರಜೆ ಹಾಕಿದೆ. ಮೂರು ಮಹಡಿ ಮೆಟ್ಟಿಲು ಹತ್ತಿ ಇಳಿದೆ, ಮಗನ ಜೊತೆ ಬೇಕೆಂದೇ ಜಗಳ ತೆಗೆದೆ, ಗೊರಕೆ ಹೊಡೆದು ಮಲಗಿದೆ. ಕೊಡೆ ಸೋರುತ್ತದೆಯೇ ಎಂದು ಬಿಸಿಲಲ್ಲಿ ಬಿಚ್ಚಿ ನೋಡಿದ ಹಾಗಾಯಿತು. ಎಲ್ಲ ಸರಿಯಿದೆ, ಸ್ವಲ್ಪ ಟೆನ್ಶನ್ ಕಡಿಮೆ ಮಾಡಿಕೊಳ್ಳಿ ಎಂದರು. ನಾನು ಗೆದ್ದೆ ಅಂದುಕೊಂಡೆ. ಸೊಸೆ ಮಾತ್ರ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಒಂದು ಥರ ನೋಡಿದಳು. ಏನೋ ಕೇಳುವುದಕ್ಕೆ ಬಾಯಿ ತೆರೆದವಳು ಅಷ್ಟರಲ್ಲಿ ಬೇರೆ ರೋಗಿ ಬಂದರೆಂದು ಹೋದಳು.

ಅದಾದ ಮುಂದಿನ ವಾರವೇ ಆಗಬಾರದ್ದು ಆಯಿತು.

ಹೆಡ್ಮಿಸ್ ಅಷ್ಟರಲ್ಲಿ ಚೆನ್ನಾಗಿ ಹದಕ್ಕೆ ಬಂದಿದ್ದರು. ಬೆನ್ನು ಸಡಿಲವಾಗಿತ್ತು, ಕಿವಿ ನೀರಿನೊಳಗೆ ಹೋದರೂ ಹೆದರುತ್ತಿರಲಿಲ್ಲ. ನನಗೆ ಕತ್ತಿನಾಳ ಎಂದರೆ ಆಕೆಗೆ ಮೂಗಿನಾಳ. ಆದರೂ ಕಣ್ಣು ಮುಚ್ಚಿ ನನ್ನ ಅಂಗೈ ಮೇಲೆ ಮಲಗಿ, ತಮ್ಮ ಶಾಲೆಯ ಗುಮಾಸ್ತನ ಕಥೆ ಹೇಳುತ್ತಿದ್ದರು. ನನ್ನ ಎದೆ ಆ ದಿನ ಒಂದೊಂದಾಗಿ ಎಡವಲಿಲ್ಲ. ಒಮ್ಮೆಲೇ ಹಿಡಿತ ತಪ್ಪಿ, ಕಿಟಕಿ ಸಂದಿಗೆ ಸಿಕ್ಕ ಕಾಗದ ಗಾಳಿಗೆ ಪಟಪಟ ಹೊಡೆದುಕೊಳ್ಳುವ ಹಾಗೆ ಶುರುವಾಯಿತು. ಕಣ್ಣ ಮುಂದೆ ಬೂದು ಪರದೆ ಇಳಿಯಿತು. ಛಾವಣಿಯ ದೀಪಗಳು ದೂರ ಹೋದವು. ನನ್ನ ಕೈ ಎಲ್ಲಿದೆ ಎಂದು ನನಗೆ ಗೊತ್ತಾಗಲಿಲ್ಲ. ಮತ್ತೆ ಬೆಳಕು ಬಂದಾಗ ಅಂಗೈ ಮೇಲೆ ಭಾರ ಇರಲಿಲ್ಲ. ಹೆಡ್ಮಿಸ್ ನೀರಿನ ಕೆಳಗಿದ್ದರು.

ನಾನು ಕೈ ಹಾಕುವಷ್ಟರಲ್ಲಿ ಮುಳುಗುವವರನ್ನು ಎತ್ತಲೆಂದೇ ಇರುವ, ಹೊಟ್ಟೆ ದಪ್ಪದ ಗಾರ್ಡು ಧುಮುಕಿ ಆಕೆಯನ್ನು ಅಂಚಿಗೆ ತಂದಿದ್ದ. ಕಟ್ಟೆಯ ಮೇಲೆ ಕೂತು ಕೆಮ್ಮಿದರು, ನೀರು ಉಗುಳಿದರು, ಮತ್ತೆ ಕೆಮ್ಮಿದರು. ಬಿಳಿ ಕೂದಲು ಹಣೆಗೆ ಅಂಟಿಕೊಂಡಿತ್ತು. ಉಸಿರು ಸಿಕ್ಕಿದ ಮೇಲೆ ನನ್ನ ಕಡೆ ತಿರುಗಿದರು.

“ಹೇಳ್ತೀನಿ ಅಂದಿದ್ರಿ. ಹೂಂ ಅಂದ್ಮೇಲೇ ತೆಗೀತೀನಿ ಅಂದಿದ್ರಿ.”

ನಾನು ಏಣಿ ಹಿಡಿದು ನಿಂತಿದ್ದೆ. ಎದೆ ಮೆಲ್ಲಗೆ ದಾರಿಗೆ ಬರುತ್ತಿತ್ತು. ಗಾರ್ಡು ನೋಡುತ್ತಿದ್ದ. ಕೆಂಪು ಅಕ್ಷರದ ಗೋಡೆ ಎದುರಿಗೇ ಇತ್ತು.

“ಒಂದು ಸಣ್ಣ ಪರೀಕ್ಷೆ ಮಾಡ್ದೆ ಮೇಡಂ,” ಅಂದೆ. “ಎಲ್ರಿಗೂ ಮಾಡೋದೇ.”

ಆಕೆ ಬಯ್ಯಲಿಲ್ಲ. ಬೈದಿದ್ದರೆ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಕೋಲು ಹುಡುಕಿ, ಟವೆಲ್ ಹೊದ್ದು, ಒದ್ದೆ ನೆಲದ ಮೇಲೆ ಜಾರದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಬಟ್ಟೆ ಬದಲಿಸುವ ಕೋಣೆಗೆ ಹೋದರು. ಬಾಗಿಲಲ್ಲಿ ನಿಂತು, “ನಾಳೆಯಿಂದ ನಾನು ಬರಲ್ಲ,” ಎಂದರು.

ಮನೆಗೆ ಬಂದು ಊಟ ಬೇಡ ಎಂದೆ. ಕೂತಲ್ಲಿ ಕೂರಲಾಗಲಿಲ್ಲ. ಅಂಗೈಯನ್ನು ಮತ್ತೆ ಮತ್ತೆ ನೋಡಿಕೊಂಡೆ. ಗಾರ್ಡು ಆ ಹೊತ್ತು ಟೀ ಕುಡಿಯುವುದಕ್ಕೆ ಹೋಗಿದ್ದರೆ? ಅದನ್ನು ಮುಂದಕ್ಕೆ ಯೋಚಿಸುವುದಕ್ಕೆ ನನಗೆ ಧೈರ್ಯವಾಗಲಿಲ್ಲ. ಸೊಸೆ ಕೆಲಸದಿಂದ ಬಂದು ಚೀಲ ಇಳಿಸುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಚೀಲವನ್ನು ಹೆಗಲಿನಿಂದ ತೆಗೆಯದೆ ಕೇಳಿದಳು.

“ನೀರಲ್ಲಿ ಮಾತ್ರನಾ?”

“ಹೂಂ.”

“ಕತ್ತಿನವರೆಗೆ ಇಳಿದಾಗ ಜಾಸ್ತಿನಾ?”

“ಹೂಂ.”

“ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ ಮಾವ? ನಾನು ಜೆಲ್ಲಿ ಹಚ್ಚಿ ಕೇಳಿದಾಗ ಹೀಗೇ ಅಂತಿಲ್ಲ ಅಂದ್ರಲ್ಲ. ನೀವು ನನಗಲ್ಲ ಸುಳ್ಳು ಹೇಳಿದ್ದು, ಮಿಷನ್ನಿಗೆ ಹೇಳಿದ್ರಿ. ಅದು ಪಾಪ ನಂಬಿಕೊಳ್ತು.” ಅಡುಗೆಮನೆಗೆ ಹೋಗಿ ಒಂದು ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟಳು. ಅವಳಿಗೆ ನನ್ನ ಮೇಲೆ ಇಷ್ಟು ಅಕ್ಕರೆ ಇದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಮರುದಿನ ಡಾಕ್ಟರಿಗೆ ನಾನೇ ಬಾಯಿಬಿಟ್ಟು ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಬದಲಿಗೆ ಖುಷಿಯಾಯಿತು. ಕಳೆದುಹೋದ ಬೀಗದಕೈ ಜೇಬಲ್ಲೇ ಸಿಕ್ಕವರಂತೆ ಎದ್ದು, ನನ್ನನ್ನು ಇಸಿಜಿ ಕೋಣೆಗೆ ಅವರೇ ಕರೆದುಕೊಂಡು ಬಂದರು.

“ನೀರನ್ನ ಇಲ್ಲಿಗೆ ತರೋಕಾಗಲ್ಲ. ಆದ್ರೆ ನೀರು ಮಾಡೋ ಕೆಲಸವನ್ನ ಸ್ವಲ್ಪ ಮಟ್ಟಿಗೆ ಮಾಡಬಹುದು. ಯಜಮಾನ್ರೇ, ಮಲಗಿ. ಕಾಲು ಮೇಲಕ್ಕೆ.”

ಸೊಸೆ ಮಂಚದ ಕಾಲುಕಡೆ ಎತ್ತರಿಸಿ, ದಿಂಬುಗಳನ್ನು ಪೇರಿಸಿ, ನನ್ನ ಎರಡೂ ಕಾಲುಗಳನ್ನು ಅವುಗಳ ಮೇಲೆ ಇಟ್ಟಳು. ತಲೆ ತಗ್ಗಿನಲ್ಲಿ, ಪಾದ ಆಕಾಶಕ್ಕೆ. ಆ ಅವತಾರದಲ್ಲಿ ನನ್ನ ವಿದ್ಯಾರ್ಥಿಗಳು ನೋಡಿದ್ದರೆ ಜನ್ಮವಿಡೀ ನಗುತ್ತಿದ್ದರು. ಮೊದಲು ಗೆರೆ ಶಿಸ್ತಾಗಿಯೇ ಬಂತು. ಮುಖಕ್ಕೆ ರಕ್ತ ಇಳಿಯಿತು, ಎದೆ ತುಂಬಿದಂತಾಯಿತು. ಆಮೇಲೆ ಆ ಪರಿಚಯದ ಎಡವು, ಆ ಗುದ್ದು.

“ಬಂತು,” ಅಂದೆ.

“ನನಗೂ ಬಂತು,” ಅಂದಳು ಸೊಸೆ, ಕಾಗದ ನೋಡುತ್ತಾ. ಸಾಲಿನಲ್ಲಿ ಒಂದು ಬಡಿತ ಸರದಿ ಬಿಟ್ಟು ಮುಂದೆ ನುಗ್ಗಿತ್ತು, ಅದರ ಹಿಂದೆ ಖಾಲಿ ಜಾಗ. ಮತ್ತೆ ಇನ್ನೊಂದು. ಕಾಲು ಕೆಳಗಿಳಿಸಿ ಕೂರಿಸಿದ ಮೇಲೆ ಸಾಲು ಮತ್ತೆ ಸರಿಯಾಯಿತು.

ಆಮೇಲೆ ಎದೆಯ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ನನ್ನ ಹೃದಯ ಮೋಡದೊಳಗಿನ ಯಾವುದೋ ಪ್ರಾಣಿಯ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು. ಡಾಕ್ಟರು ಬೆರಳಿಟ್ಟು ತೋರಿಸಿದರು.

“ಇದು ಮೇಲಿನ ಕೋಣೆ. ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ. ನಿಮಗೆ ಬಿಪಿ ಇದೆ, ಎಷ್ಟು ವರ್ಷದಿಂದ ಇದೆಯೋ ನಿಮಗೇ ಗೊತ್ತಿಲ್ಲ. ಕೆಳಗಿನ ಕೋಣೆ ಬಿಗಿಯಾಗಿ ಬಿಗಿಯಾಗಿ ಮೇಲಿನದು ಹಿಗ್ಗಿ ಕೂತಿದೆ. ಈಗ ನೀರಿಗಿಳಿದ್ರೆ ಏನಾಗುತ್ತೆ? ನೀರು ನಿಮ್ಮ ಕಾಲು, ಹೊಟ್ಟೆ ಎಲ್ಲವನ್ನೂ ಸುತ್ತ ಒತ್ತುತ್ತೆ. ಅಲ್ಲಿರೋ ರಕ್ತ ಎದೆಗೆ ಏರುತ್ತೆ. ಹಿಗ್ಗಿರೋ ಕೋಣೆ ಇನ್ನಷ್ಟು ಹಿಗ್ಗುತ್ತೆ.”

“ಹಿಗ್ಗಿದ್ರೆ ಬಡಿತ ಯಾಕೆ ತಪ್ಪಬೇಕು? ಚೀಲ ತುಂಬಿದ್ರೆ ಚೀಲ ದಪ್ಪಗಾಗುತ್ತೆ, ಅಷ್ಟೇ ತಾನೆ?”

“ಇದು ಬರೀ ಚೀಲ ಅಲ್ಲ, ಯಜಮಾನ್ರೇ. ಇದು ಕರೆಂಟಿನಲ್ಲಿ ನಡೆಯೋ ಸ್ನಾಯು. ಇದರ ಒಂದೊಂದು ಕಣದ ಗೋಡೆಯಲ್ಲೂ ಸಣ್ಣ ಸಣ್ಣ ಬಾಗಿಲುಗಳಿವೆ. ಅದರಲ್ಲಿ ಕೆಲವು ಬಾಗಿಲು ಎಳೆದ್ರೆ ತೆರ್ಕೊಳ್ತವೆ. ಗೋಡೆ ಎಳೆದಾಗ ಅಲ್ಲೇ ಒಂದು ಕಿಡಿ ಹಾರುತ್ತೆ, ಸರದಿ ತಪ್ಪಿ ಒಂದು ಬಡಿತ ಬರುತ್ತೆ. ಒಂದೊಂದು ಹಾರಿದ್ರೆ ಎಡವಿದ ಹಾಗೆ. ಸಾಲುಸಾಲು ಹಾರಿದ್ರೆ ಆವತ್ತು ಆಯ್ತಲ್ಲ, ಹಾಗೆ.”

“ಹಾಗಾದ್ರೆ ನೀರಿಗಿಳಿದವ್ರೆಲ್ಲರಿಗೂ ಆಗ್ಬೇಕಲ್ಲ?”

“ಹಿಗ್ಗೋದು ಎಲ್ರಿಗೂ ಹಿಗ್ಗುತ್ತೆ. ಗಟ್ಟಿ ಎದೆ ತಡ್ಕೊಳ್ಳುತ್ತೆ. ನಿಮ್ಮದಕ್ಕೆ ಈಗ ಅಷ್ಟು ಸಡಿಲ ಇಲ್ಲ.”

“ಯಾರಾದ್ರೂ ಹೊಗಳಿದ್ರೆ ಹಿಗ್ಗಿ ಹೀರೆಕಾಯಿ ಆಗ್ತಿದ್ರಿ,” ಅಂದಳು ಸೊಸೆ. “ಅದು ಸಾಲದು ಅಂತ ಇದೂ ಒಂದು.” ನಗಿಸಲು ಹೇಳಿದ್ದು, ಆದರೆ ಅವಳ ಕಣ್ಣಲ್ಲಿ ನೀರಿತ್ತು.

ಮಾತ್ರೆ ಬರೆದುಕೊಟ್ಟರು. ಬಿಪಿ ಹಿಡಿತಕ್ಕೆ ಬಂದರೆ ಕೋಣೆ ಸ್ವಲ್ಪ ಕುಗ್ಗಬಹುದು, ಕುಗ್ಗದೆಯೂ ಇರಬಹುದು. ಬಹಳ ಕಾಲ ಹಿಗ್ಗಿಕೊಂಡಿದ್ದದ್ದು ಹಳೆಯ ಅಳತೆಗೆ ಬರುವುದು ಕಷ್ಟ ಎಂದರು. ಅಲ್ಲಿಯವರೆಗೆ ನೀರು ಸೊಂಟದಿಂದ ಮೇಲೆ ಬರಕೂಡದು. ನಾನು, ಎದೆಯಾಳ ಆದರೂ ಆಗಬಹುದೇ ಎಂದು ಕೇಳಿದೆ. ಅವರು ಸೊಸೆಯ ಮುಖ ನೋಡಿದರು. ಅವಳು ನನ್ನ ಅಂಗಿಯ ಗುಂಡಿ ಹಾಕುತ್ತಾ, ಚಿಕ್ಕ ಮಗುವಿಗೆ ಹೇಳುವಂತೆ, “ಸೊಂಟ, ಮಾವ,” ಅಂದಳು.

ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಅವಳ ಕೆಲಸ ಮುಗಿಯುವವರೆಗೆ ಕೂತಿದ್ದೆ. ಇಷ್ಟು ವರ್ಷ ನಾನು ಜನರಿಗೆ ಹೇಳುತ್ತಾ ಬಂದದ್ದು ಒಂದೇ ಮಾತು: ಎದೆ ತುಂಬಿಕೊಳ್ಳಿ, ಮೈ ಉದ್ದ ಬಿಡಿ, ತುಂಬಿದ ಎದೆ ಮುಳುಗುವುದಿಲ್ಲ. ಆ ಮಾತು ಹೇಳುತ್ತಾ ನಿಂತಿದ್ದವನ ಎದೆಯೊಳಗೆ ಒಂದು ಗೋಡೆ ಅಷ್ಟಷ್ಟೇ ಎಳೆದುಕೊಳ್ಳುತ್ತಿತ್ತು. ಅದು ನೋಯಲಿಲ್ಲ, ಕೂಗಲಿಲ್ಲ. ನೀರು ಏನೂ ಮೋಸ ಮಾಡಿರಲಿಲ್ಲ, ಅದು ಎಲ್ಲರನ್ನೂ ಒತ್ತುವ ಹಾಗೆ ನನ್ನನ್ನೂ ಒತ್ತಿತ್ತು. ಮೋಸ ಮಾಡಿದವನು ಯಾರು ಎಂದು ಯೋಚಿಸಿದಾಗ ಹೆಡ್ಮಿಸ್ ಮುಖ ಕಣ್ಣಮುಂದೆ ಬಂತು. ಅಳು ಬಂತು, ಅತ್ತೆ. ಆಸ್ಪತ್ರೆಯ ಮುಂದೆ ಅಳುವವರನ್ನು ಯಾರೂ ವಿಚಾರಿಸುವುದಿಲ್ಲ, ಅದೊಂದು ಅನುಕೂಲ.

ಮೊದಲು ಕೊಳದ ಮ್ಯಾನೇಜರಿಗೆ ಹೇಳಿದೆ. ಆತ ನನ್ನನ್ನು ಓಡಿಸಲಿಲ್ಲ. ಕತ್ತಿನಾಳಕ್ಕೆ ಬೇರೆಯವರನ್ನು ಹಾಕಿ, ನನಗೆ ಸೊಂಟದಾಳದ ಬದಿ ಕೊಟ್ಟ. ಆಮೇಲೆ ಹೆಡ್ಮಿಸ್ ಮನೆಗೆ ಹೋದೆ. ಬಾಗಿಲು ತೆರೆಯುವುದಕ್ಕೆ ಆಕೆಗೆ ಬಹಳ ಹೊತ್ತು ಹಿಡಿಯಿತು. ಒಳಗೆ ಕುರ್ಚಿಗಳೆಲ್ಲ ನೆಟ್ಟಗಿನ ಬೆನ್ನಿನವು, ಒರಗಲು ಬಿಡದಂಥವು. ಕೂತುಕೊಳ್ಳಿ ಎಂದು ಹೇಳಲಿಲ್ಲ. ನಿಂತೇ ಹೇಳಿದೆ.

“ಅವತ್ತು ನಾನು ಕೈ ತೆಗೀಲಿಲ್ಲ ಮೇಡಂ. ಕೈ ಬಿತ್ತು.”

ಎಲ್ಲವನ್ನೂ ಹೇಳಿದೆ. ಆಕೆ ಕೋಲಿನ ಮೇಲೆ ಎರಡೂ ಕೈಯಿಟ್ಟು ಕೇಳಿದರು.

“ಮತ್ತೆ ಪರೀಕ್ಷೆ ಅಂತ ಯಾಕೆ ಹೇಳಿದ್ರಿ?”

“ಹೃದಯದ ಕಾಯಿಲೆ ಅಂದ್ರೆ ನೀರಿನಿಂದ ಎಬ್ಬಿಸ್ತಾರೆ. ಮೋಸಗಾರ ಅಂದ್ರೆ ಎಬ್ಬಿಸಲ್ಲ.”

“ನನ್ನ ಜೀವ ನಿಮ್ಮ ಕೈ ಮೇಲಿತ್ತು. ಅದಕ್ಕೂ ಎಷ್ಟೋ ದಿನದ ಮುಂಚೆ ನಿಮಗೆ ಇದು ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ಮಲಗಿಸಿದ್ರಿ.”

“ಮಲಗಿಸಿದೆ.”

ಕ್ಷಮಿಸಿ ಎಂದೆ, ಆ ಮಾತು ಆ ಕೋಣೆಯಲ್ಲಿ ತೀರಾ ಚಿಕ್ಕದಾಗಿ ಕೇಳಿಸಿತು. ಆಕೆ ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ, “ಮಾತ್ರೆ ಸರಿಯಾಗಿ ತಗೊಳ್ತಿದೀರಾ?” ಎಂದು ಕೇಳಿದರು. ತಗೊಳ್ತಿದೀನಿ ಎಂದೆ. “ಸರಿ, ಹೋಗಿ ಬನ್ನಿ” ಎಂದರು. ಬರುತ್ತೇನೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಹೇಳಲಿಲ್ಲ.

ಬಂದರು. ಕೆಲವು ದಿನ ಬಿಟ್ಟು ಒಂದು ಬೆಳಗ್ಗೆ, ಸೊಂಟದಾಳದಲ್ಲಿ ಬಾತುಕೋಳಿಯ ಹಾಗೆ ನಿಂತಿದ್ದ ನನ್ನ ಎದುರಿಗೆ ಕೋಲು ಕಟ್ಟೆಗೆ ಒರಗಿಸಿ, ಕಂಬಿ ಹಿಡಿದು ಮೆಟ್ಟಿಲಿಳಿದರು.

“ಅಲ್ಲಿ ಹೊಸ ಕೋಚ್ ಇದಾರಲ್ಲ ಮೇಡಂ, ಕತ್ತಿನಾಳದಲ್ಲಿ.”

“ಅವರ ಕೈ ನನಗೆ ಗೊತ್ತಿಲ್ಲ,” ಎಂದರು. “ಹೂಂ, ಕೈ ಇಡಿ.”

ಇಟ್ಟೆ. ಬೆನ್ನು ಕಲ್ಲಾಗಿತ್ತು. ಅದನ್ನು ಹಾಗೆ ಮಾಡಿದವನು ನಾನೇ. ಆತುರ ಮಾಡಲಿಲ್ಲ. ಗುಮಾಸ್ತನ ಕಥೆ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನಗಳು ಹೋದವು. ಕಾಲು ನೆಲ ಹುಡುಕುವುದನ್ನು ಬಿಟ್ಟಿತು, ಬೆನ್ನು ಮೆಲ್ಲಮೆಲ್ಲಗೆ ಬಿಚ್ಚಿಕೊಂಡಿತು. ಸೊಂಟದಾಳದಲ್ಲಿ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿದ್ದದ್ದು ಅರ್ಧ ಜಂಬದ ಮಾತು ಎಂದು ಒಪ್ಪಿಕೊಳ್ಳಬೇಕಾಯಿತು. ಒಂದು ದಿನ ಅಂಗೈ ಮೇಲೆ ಭಾರವೇ ಇಲ್ಲ ಅನ್ನಿಸಿತು.

“ಮೇಡಂ, ಕೈ ತೆಗೀತೀನಿ,” ಅಂದೆ.

ಆಕೆ ಕಣ್ಣು ಬಿಟ್ಟು ಛಾವಣಿ ನೋಡಿದರು. ನಾನು ಕಾದೆ. ಪಕ್ಕದಲ್ಲಿ ಯಾರೋ ಧುಮುಕಿದರು, ಅಲೆ ಬಂದು ಹೋಯಿತು, ತೋಳು ಜೋಮು ಹಿಡಿಯಿತು. ಕಾಯುತ್ತಲೇ ಇದ್ದೆ. ಕೊನೆಗೆ, “ಹೂಂ,” ಎಂದರು.

ಕೈ ತೆಗೆದೆ. ಆಕೆ ತೇಲಿದರು.

ಒಂದು ವಿಷಯ ನಾನು ಮರೆತಿದ್ದೆ. ಸೊಂಟದಾಳದ ಗೋಡೆಯಲ್ಲಿ ಸೋಸಿದ ನೀರು ಒಳಗೆ ಬರುವ ಕಿಂಡಿಗಳಿವೆ. ಅಲ್ಲಿಂದ ಆಳದ ಕಡೆಗೆ ಒಂದು ಸಣ್ಣ ಸೆಳೆತ ಇರುತ್ತದೆ. ಕತ್ತಿನಾಳದಲ್ಲಿ ನಿಂತು ಕಲಿಸಿದವನಿಗೆ ಅದರ ಲೆಕ್ಕವೇ ಇರಲಿಲ್ಲ, ಅಲ್ಲಿ ನನ್ನ ಮೈಯೇ ಅಡ್ಡ ಇರುತ್ತಿತ್ತು. ಹೆಡ್ಮಿಸ್ ಮಲಗಿದ ಹಾಗೆಯೇ, ಮೆಲ್ಲಗೆ, ನನ್ನಿಂದ ದೂರ ಸರಿಯುತ್ತಿದ್ದರು. ನೆಲ ಇಳಿಜಾರಾಗುವ ಕಪ್ಪು ಪಟ್ಟಿ ದಾಟಿದರು. ಕೆಳಗೆ ಎದೆಯಾಳ, ಆಮೇಲೆ ಮೂಗಿನಾಳ. ಗಾರ್ಡು ಕಟ್ಟೆಯ ಮೇಲೆ ಆಕೆಯ ಜೊತೆಜೊತೆಗೇ ನಡೆಯುತ್ತಿದ್ದ, ಅವನ ಕಣ್ಣು ಆಕೆಯ ಮೇಲಿತ್ತು. ಅದು ನನಗೆ ಕಾಣುತ್ತಿತ್ತು. ಆದರೂ ನನ್ನ ಕಾಲು ನನ್ನ ಮಾತು ಕೇಳಲಿಲ್ಲ, ಹಿಂದೆಯೇ ಹೊರಟಿತು.

ನೀರು ಹೊಟ್ಟೆಗೆ ಬಂತು, ಪಕ್ಕೆಗೆ ಬಂತು, ಎದೆ ಮುಟ್ಟಿತು. ಒಳಗೆ ಒಂದು ಬಡಿತ ಸರದಿ ಬಿಟ್ಟು ಮುಂದೆ ನುಗ್ಗಿತು. ಬೆನ್ನಿಗೇ ಆ ಖಾಲಿ, ಆ ಗುದ್ದು.

ನಿಂತೆ. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಕೈ ಆಕೆಯ ಬೆನ್ನಿಗೆ ಸಿಗುತ್ತಿತ್ತು. ಆಕೆಗೆ ಗೊತ್ತೂ ಆಗುತ್ತಿರಲಿಲ್ಲ.

“ಮೇಡಂ,” ಎಂದು ಕೂಗಿದೆ. “ನೀವು ಆಳಕ್ಕೆ ಬಂದಿದೀರಿ. ಗಾರ್ಡು ಪಕ್ಕದಲ್ಲೇ ಇದಾನೆ. ನನ್ನ ಎದೆ ಎಡವ್ತಾ ಇದೆ, ನಾನು ಬರೋಕಾಗಲ್ಲ.”

ಕಿವಿ ನೀರಿನಲ್ಲಿತ್ತು, ಕೇಳಿಸಿತೋ ಇಲ್ಲವೋ ಅನ್ನಿಸಿತು. ಆಕೆಯ ಕೈಗಳು ಎರಡೂ ಬದಿಗೆ ಹರಡಿಕೊಂಡಿದ್ದವು. ಮಂಡಿಗಳು, ನೆಲದ ಮೇಲೆ ಅಷ್ಟು ಕಾಡುವ ಆ ಮಂಡಿಗಳು, ನೀರಿನ ಮಟ್ಟದಲ್ಲಿ ಸುಮ್ಮನೆ ಇದ್ದವು.

“ಬರಬೇಡಿ ಮೇಷ್ಟ್ರೇ,” ಎಂದರು, ತಲೆ ಎತ್ತದೆ. “ಸೊಂಟದ ನೀರಿಗೆ ಹೋಗಿ ನಿಂತ್ಕೊಳ್ಳಿ.”

ಹಿಂದಕ್ಕೆ ಹೋಗಿ ನಿಂತುಕೊಂಡೆ.